ಬ್ರಿಟನ್ ಪೆನ್ಷನ್ ಸೇರ್ಪಡೆ ಕೆಲಸಕ್ಕೆ ಫೀ ಹಾಕೋದು ಹೇಗೆ: ನಾನು ಎಡವಿದ ಜಾಗ

ನಾನು ಬೆಂಗಳೂರಿನಲ್ಲಿ ಕೂತು ಬ್ರಿಟನ್ನಿನ ಅಕೌಂಟೆಂಟರ ಪೇರೋಲ್ (ಸಂಬಳ ಲೆಕ್ಕ ಹಾಕುವ) ಕೆಲಸ ಮಾಡುತ್ತೇನೆ. ಹೋದ ವಾರ ಮೊದಲ ಸಲ ಒಂದು ಕೊಟೇಶನ್ ತಯಾರಿಸಲು ಹೇಳಿದರು. ಆರು ಜನ ಕೆಲಸಕ್ಕಿರುವ ಒಂದು ಕೆಫೆ. ಅವರ ಪೆನ್ಷನ್ ಆಟೋ ಎನ್ರೋಲ್‌ಮೆಂಟ್ (ಕೆಲಸಗಾರರನ್ನು ಮಾಲೀಕರು ತಾವಾಗೇ ಪೆನ್ಷನ್ ಸ್ಕೀಮಿಗೆ ಸೇರಿಸಬೇಕು ಅನ್ನುವ ಬ್ರಿಟನ್ ನಿಯಮ) ನೋಡಿಕೊಳ್ಳಲು ವರ್ಷಕ್ಕೆ ಎಷ್ಟು ಕೇಳಬೇಕು? ನಾನು ಹಾಕಿದ ಲೆಕ್ಕ ಮೈತುಂಬಾ ಕೆಂಪು ಗೆರೆ ಹೊತ್ತು ವಾಪಸ್ ಬಂತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಪೇರೋಲ್ ಸಾಫ್ಟ್‌ವೇರ್ ನಿಮಗೆ ಗೊತ್ತಿದೆ ಅಂತ ಅಂದುಕೊಂಡು ಅದನ್ನು ಬಿಟ್ಟಿದ್ದೇನೆ.

ಮೊದಲು ಪಿಎಫ್ ಮರೆಯಿರಿ

ನಮ್ಮ ಪಿಎಫ್ ಸಾಮಾನ್ಯವಾಗಿ 20 ಜನ ಇರುವ ಸಂಸ್ಥೆಯಿಂದ ಶುರು. ಬ್ರಿಟನ್ನಿನಲ್ಲಿ ಕೆಲಸಕ್ಕೆ ಒಬ್ಬನೇ ಇದ್ದರೂ ಮಾಲೀಕರಿಗೆ ಹೊಣೆ ಇದೆ. ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಂಡರೂ ಅಷ್ಟೇ. ಬೇರೆ ಯಾರೂ ಇಲ್ಲದ ಒಂಟಿ ಡೈರೆಕ್ಟರ್ ಕಂಪನಿಗೆ ಇದು ಇಲ್ಲ. ಕಾನೂನು 2008ರದ್ದು. 2012ರ ಅಕ್ಟೋಬರ್‌ನಲ್ಲಿ ದೊಡ್ಡ ಕಂಪನಿಗಳಿಂದ ಶುರುವಾಗಿ ಸಣ್ಣವರ ಸರದಿ ಆಮೇಲೆ ಬಂತು. ಈಗ ಹೊಸ ಮಾಲೀಕರಿಗೆ ಮೊದಲ ಕೆಲಸಗಾರ ಬಂದ ದಿನದಿಂದಲೇ ಲೆಕ್ಕ.

ಇನ್ನೊಂದು ತಿರುವು ಇದೆ. ನಮ್ಮಲ್ಲಿ 2014ರಲ್ಲಿ ಇಟ್ಟ 15,000 ರೂಪಾಯಿ ಮಿತಿಯಿಂದ ಹೊರಗುಳಿಯಲು ಸಾಧ್ಯವಾಗಿದ್ದು ಜಾಸ್ತಿ ಸಂಬಳದವರಿಗೆ. ಅಲ್ಲಿ ಉಲ್ಟಾ, ಕಮ್ಮಿ ಸಂಬಳದವರು ಹೊರಗೆ. 22 ವರ್ಷ ತುಂಬಿ, ಸರ್ಕಾರಿ ಪೆನ್ಷನ್ ವಯಸ್ಸು ದಾಟದೆ, ವರ್ಷಕ್ಕೆ 10,000 ಪೌಂಡ್ ಮೀರಿ ದುಡಿಯುವವರನ್ನು ಮಾಲೀಕರು ತಾವಾಗೇ ಸೇರಿಸಬೇಕು. ಕಟ್ಟಬೇಕಾದ್ದು ಒಟ್ಟು ಕನಿಷ್ಠ 8%, ಅದರಲ್ಲಿ ಮಾಲೀಕರದ್ದು ಕನಿಷ್ಠ 3%. ಅದೂ ಇಡೀ ಸಂಬಳದ ಮೇಲಲ್ಲ, 6,240ರಿಂದ 50,270 ಪೌಂಡ್‌ವರೆಗಿನ ತುಂಡಿನ ಮೇಲೆ.

ನಾನು ಎಡವಿದ್ದು ಇಲ್ಲಿ

'ವರ್ಷಕ್ಕೆ 10,000' ಅಂತ ಓದಿದ ಕೂಡಲೇ ವರ್ಷಕ್ಕೊಮ್ಮೆ ನೋಡಿದರೆ ಸಾಕು ಅಂದುಕೊಂಡೆ. ತಪ್ಪು. ಪ್ರತಿ ಸಲ ಸಂಬಳ ಹಾಕುವಾಗಲೂ, ಇನ್ನೂ ಸೇರದ ಪ್ರತಿಯೊಬ್ಬರನ್ನೂ ನೋಡಬೇಕು. ತಿಂಗಳ ಸಂಬಳವಾದರೆ ಗೆರೆ 833 ಪೌಂಡ್. ವಾರದ ಸಂಬಳವಾದರೆ 192. ಆ ವಾರ ಗೆರೆ ದಾಟಿದರೆ ಆ ವಾರವೇ ಲೆಕ್ಕಕ್ಕೆ ಬಂದಂತೆ. ವರ್ಷದ ಒಟ್ಟು ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಕೆಫೆಯಲ್ಲಿ 23 ವರ್ಷದ ವಿದ್ಯಾರ್ಥಿನಿ ಒಬ್ಬಳಿದ್ದಾಳೆ ಅಂತಿಟ್ಟುಕೊಳ್ಳಿ. ವಾರಕ್ಕೆ 90 ಪೌಂಡ್. ವರ್ಷಕ್ಕೆ 5,000 ಕೂಡ ಆಗಲ್ಲ. ಕ್ರಿಸ್‌ಮಸ್ ವಾರ ಜಾಸ್ತಿ ಶಿಫ್ಟ್ ಮಾಡಿ 210 ತಗೊಂಡಳು. 192 ದಾಟಿತು, ಸೇರಿಸಬೇಕು. ವಾರದ ಕೆಳಗಿನ ಮಿತಿ 120 ಕಳೆದರೆ ಉಳಿದದ್ದು 90. ಮಾಲೀಕರ 3% ಅಂದರೆ 2 ಪೌಂಡ್ 70 ಪೆನ್ಸ್. ಅವಳ ಪಾಲು 4.50. ನೆಸ್ಟ್ (ಸರ್ಕಾರ ಶುರುಮಾಡಿದ ಪೆನ್ಷನ್ ಸ್ಕೀಮ್) ತರಹದ ಸ್ಕೀಮಿನಲ್ಲಿ ಅದರ 90 ಪೆನ್ಸ್ ತೆರಿಗೆ ರಿಯಾಯಿತಿಯಿಂದ ಬರುತ್ತೆ, ಅವಳ ಕೈಯಿಂದ ಹೋಗೋದು 3.60.

ಈಗ ನಮ್ಮ ಕೆಲಸ ನೋಡಿ. ಅವಳನ್ನು ಸ್ಕೀಮಿಗೆ ಸೇರಿಸಬೇಕು, ಪತ್ರ ಕಳಿಸಬೇಕು, ದುಡ್ಡು ಕಳಿಸಬೇಕು. ಅವಳು ಒಂದು ತಿಂಗಳೊಳಗೆ ಬೇಡ ಅಂದರೆ ಆ 3.60 ವಾಪಸ್ ಕೊಡಬೇಕು. ಎರಡು ಪೌಂಡ್ ಎಪ್ಪತ್ತು ಪೆನ್ಸಿಗೆ ಇಷ್ಟೆಲ್ಲ!

ಇದಕ್ಕೊಂದು ದಾರಿ ಇದೆ, ಮುಂದೂಡಿಕೆ. ಗೆರೆ ದಾಟಿದ ಮೇಲೆ ಮೂರು ತಿಂಗಳವರೆಗೆ ತಡೆಹಿಡಿಯಬಹುದು. ಆ ಅವಧಿ ಮುಗಿದ ದಿನ ಮತ್ತೆ ನೋಡಿದಾಗ ಅವಳು 90ಕ್ಕೆ ಇಳಿದಿದ್ದರೆ ಸೇರಿಸಬೇಕಾಗಿಲ್ಲ. ಆದರೆ ಆರು ವಾರದೊಳಗೆ ಅವಳಿಗೆ ನೋಟಿಸ್ ಹೋಗಲೇಬೇಕು, ನಡುವೆ ಅವಳೇ ಸೇರಿಸಿ ಅಂದರೆ ಸೇರಿಸಬೇಕು. ಅಂದರೆ ಪತ್ರದ ಕೆಲಸ ತಪ್ಪಲ್ಲ.

ಈಗ ಫೀ

ಕೆಳಗಿನ ದರ, ನಿಮಿಷ ಎಲ್ಲ ಅಭ್ಯಾಸಕ್ಕೆ ಹಿಡಿದದ್ದು, ಮಾರುಕಟ್ಟೆ ದರ ಅಲ್ಲ. ನಾನು ತಲೆಗೆ ತಿಂಗಳಿಗೆ 3 ಪೌಂಡ್ ಹಾಕಿದ್ದೆ. ಆರು ಜನ, 12 ತಿಂಗಳು, 216 ಪೌಂಡ್. ಒಂದು ಸಲದ ಸಂಬಳಕ್ಕೆ 10 ನಿಮಿಷ ಹಿಡಿಯುತ್ತೆ ಅನ್ನಿ. ತಿಂಗಳ ಸಂಬಳವಾದರೆ ವರ್ಷಕ್ಕೆ 2 ಗಂಟೆ, ಗಂಟೆಗೆ 108 ಪೌಂಡ್ ಸಿಕ್ಕಿತು. ಆದರೆ ಕೆಫೆಯವರು ಕೊಡೋದು ವಾರದ ಸಂಬಳ! 52 ಸಲ, 8 ಗಂಟೆ 40 ನಿಮಿಷ. ಗಂಟೆಗೆ 25 ಪೌಂಡ್ ಕೂಡ ಹುಟ್ಟಲ್ಲ.

ನಮ್ಮ ಸೀನಿಯರ್ ಮೇಡಂ ಒಂದೇ ಸಾಲು ಬರೆದಿದ್ದರು: 'ಎಷ್ಟು ಪೇಸ್ಲಿಪ್ ಅಂತ ಎಣಿಸು.' ಆರು ಜನ, 52 ವಾರ, 312 ಪೇಸ್ಲಿಪ್. ತಿಂಗಳ ಸಂಬಳವಾದರೆ 72. ಪೇಸ್ಲಿಪ್‌ಗೆ 1 ಪೌಂಡ್ ಅಂದರೆ ಎರಡರಲ್ಲೂ ಗಂಟೆಗೆ 36 ಬೀಳುತ್ತೆ. ಈ ಸುಲಭ ಲೆಕ್ಕ ನನಗೆ ಎಷ್ಟು ಹಿಡಿಸಿತೆಂದರೆ ಹಳೇ ಕ್ಲೈಂಟ್‌ಗಳಿಗೂ ಸುಮ್ನೆ ಹಾಕಿ ನೋಡುತ್ತಿದ್ದೇನೆ. ಶುರುವಿನ ಕೆಲಸ (ಸ್ಕೀಮ್ ತೆರೆಯೋದು, ಮೊದಲ ಪತ್ರಗಳು, ನಿಯಮ ಪಾಲಿಸಿದ್ದೇವೆ ಅಂತ ಐದು ತಿಂಗಳೊಳಗೆ ಪೆನ್ಷನ್ ರೆಗ್ಯುಲೇಟರ್‌ಗೆ ಘೋಷಣೆ) ಬೇರೆ, ಅದಕ್ಕೆ ಒಂದು ಸಲದ ಫೀ.

ಮೂರು ವರ್ಷಕ್ಕೊಮ್ಮೆ ಬರುವ ಮರುಸೇರ್ಪಡೆಯನ್ನು ನಾನು ಮರೆತೇಬಿಟ್ಟಿದ್ದೆ. ಸ್ಕೀಮ್ ಬಿಟ್ಟು ಹೊರಗೆ ಹೋದವರನ್ನು ಮತ್ತೆ ನೋಡಬೇಕು, ಅಲ್ಲಿ ಮುಂದೂಡಿಕೆ ಇಲ್ಲ. ಸೇರಿಸಲು ಒಬ್ಬರೂ ಇಲ್ಲದಿದ್ದರೂ ಘೋಷಣೆ ಮತ್ತೆ ಸಲ್ಲಿಸಬೇಕು. ಹಾಗಾಗಿ 'ಯಾರೂ ಇಲ್ವಲ್ಲ, ಫ್ರೀ' ಅನ್ನುವ ಹಾಗಿಲ್ಲ.

ಮಾಲೀಕರು ಇದನ್ನೆಲ್ಲ ಮಾಡದಿದ್ದರೆ ದಂಡ ಮೊದಲು 400 ಪೌಂಡ್. ಆಮೇಲೂ ಸುಮ್ಮನಿದ್ದರೆ ನಾಲ್ಕು ಜನರವರೆಗೆ ದಿನಕ್ಕೆ 50, ಐದರಿಂದ 49 ಜನರಿಗೆ ದಿನಕ್ಕೆ 500. ನಮ್ಮ ಕೆಫೆ ಎರಡನೆಯದರಲ್ಲಿ ಬರುತ್ತೆ. ಇದನ್ನು ತೋರಿಸಿ ಹೆದರಿಸಿ ಫೀ ಏರಿಸೋದು ನನಗೆ ಸರಿ ಕಾಣಲ್ಲ. ಆದರೆ ಹೊಣೆ ಮಾಲೀಕರದ್ದೇ, ಕೆಲಸಗಾರರ ವಿವರ ಹೊತ್ತಿಗೆ ಸರಿಯಾಗಿ ಕೊಡೋದೂ ಅವರೇ ಅಂತ ಎಂಗೇಜ್‌ಮೆಂಟ್ ಲೆಟರ್‌ನಲ್ಲಿ (ಕ್ಲೈಂಟ್ ಜೊತೆಗಿನ ಒಪ್ಪಂದದ ಪತ್ರ) ಬರೆದಿರಬೇಕು. ಅಕೌಂಟೆಂಟರಿಗೆ ವ್ಯಾಟ್ ನೋಂದಣಿ ಇದ್ದರೆ ಫೀ ಮೇಲೆ 20% ವ್ಯಾಟ್ ಬರುತ್ತೆ. ವ್ಯಾಟ್ ನೋಂದಣಿ ಇಲ್ಲದ ಮಾಲೀಕರಿಗೆ ಅದು ವಾಪಸ್ ಸಿಗಲ್ಲ, ಮೊದಲೇ ಹೇಳಿ.

ತಿದ್ದಿದ ಕೊಟೇಶನ್ ಹೋದ ಮೇಲೆ ಕೆಫೆಯವರು ಕೇಳಿದ್ದು ಒಂದೇ: ತಿಂಗಳ ಸಂಬಳಕ್ಕೆ ಬದಲಾಯಿಸಿದರೆ? ಸ್ಲಿಪ್ 72ಕ್ಕೆ ಇಳಿಯುತ್ತೆ, ಸರಿ. ಆ ವಿದ್ಯಾರ್ಥಿನಿಯ ಲೆಕ್ಕವನ್ನೂ ಹಾಕಿ ನೋಡಿದೆ. ನಾಲ್ಕು ವಾರದ ಡಿಸೆಂಬರ್‌ನಲ್ಲಿ ಮೂರು ವಾರ 90, ಒಂದು ವಾರ 210, ಒಟ್ಟು 480. 833ರ ಹತ್ತಿರಕ್ಕೂ ಬರಲಿಲ್ಲ.