ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆ ಆಡುಸೋಗೆಯ ಮುಂದೆ ಸೋಲುತ್ತದೆ. ಎಲೆಯ ಕಹಿಗೆ, ಘಾಟಿಗೆ ದನ-ಆಡು ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಹೊಲದ ಬೇಲಿಗೆ ಇದರ ಕಡ್ಡಿ ನೆಟ್ಟರು. ಕಡ್ಡಿ ಊರಿದರೆ ಸಾಕು, ಮಳೆಗಾಲದಲ್ಲಿ ಚಿಗುರುತ್ತದೆ. ಬಿಳಿ ಹೂವಿನ ಕೆಳದುಟಿಯ ಮೇಲೆ ನೇರಳೆ ಗೀರುಗಳಿರುತ್ತವೆ. ಒಮ್ಮೆ ಬಗ್ಗಿ ನೋಡಿ, ಬಾಯಿ ತೆರೆದ ಸಿಂಹದಂತೆ ಕಾಣುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಸಿಂಹಾಸ್ಯ ಎಂಬ ಹೆಸರೂ ಇದೆ.

ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಕ್ಷಾರಸತ್ವ ಶ್ವಾಸನಾಳವನ್ನು ಸಡಿಲಿಸುತ್ತದೆ, ಅಂಟು ಕಫವನ್ನು ನೀರಾಗಿಸುತ್ತದೆ. ಇಂದು ಕೆಮ್ಮಿನ ಸಿರಪ್ಪುಗಳಲ್ಲಿರುವ ಬ್ರೋಮ್‌ಹೆಕ್ಸಿನ್, ಆಂಬ್ರಾಕ್ಸಾಲ್‌ಗಳ ಮೂಲ ಈ ವ್ಯಾಸಿಸಿನ್ನೇ.

ನನ್ನ ಬಳಿ ಬರುವವರು ಹೆಚ್ಚಾಗಿ ಹೇಳುವುದು, "ಎಷ್ಟು ಜಜ್ಜಿದರೂ ರಸ ಬರಲ್ಲ ಡಾಕ್ಟ್ರೇ" ಅಂತ. ಹಸಿ ಎಲೆ ರಸ ಬಿಡುವುದು ಕಡಿಮೆಯೇ. ಬಲಿತ ಎಲೆಗಳನ್ನು ತೊಳೆದು, ಬಾಳೆಎಲೆಯಲ್ಲಿ ಸುತ್ತಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಬಾಡಿಸಿ. ಬಣ್ಣ ಮಾಸಿ ಮೆತ್ತಗಾದ ಮೇಲೆ ಜಜ್ಜಿ ಬಟ್ಟೆಯಲ್ಲಿ ಹಿಂಡಿದರೆ ಹಸಿರು ರಸ ಸಲೀಸಾಗಿ ಇಳಿಯುತ್ತದೆ. ಸೊಪ್ಪನ್ನು ಎಲೆಯಲ್ಲಿ ಸುತ್ತಿ ಬಿಸಿಮಾಡಿ ರಸ ಹಿಂಡುವ ಆಯುರ್ವೇದದ ಪುಟಪಾಕಕ್ಕೆ ಇದು ಅಡುಗೆಮನೆಯ ರೂಪ. ದೊಡ್ಡವರಿಗೆ ಎರಡು ಚಮಚ, ಅಂದರೆ 10 ಮಿ.ಲೀ., ಜೇನು ಬೆರೆಸಿ. ಕಹಿ ನಾಲಿಗೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ತಡೆದುಕೊಳ್ಳಬೇಕು.

ಬೇಲಿಯಲ್ಲಿ ಬೆಳೆಯುವ ಸೊಪ್ಪಿನಿಂದ ಏನೂ ಕೆಡುಕಾಗುವುದಿಲ್ಲ ಎಂಬ ನಂಬಿಕೆಗೇ ನನಗೆ ಭಯ. ಒಮ್ಮೆ ಐದು ತಿಂಗಳ ಬಸುರಿ ಸೊಸೆಯನ್ನು ಕರೆತಂದ ಅತ್ತೆಯ ಸೆರಗಿನಲ್ಲಿ ಒಂದು ಹಿಡಿ ಆಡುಸೋಗೆ ಸೊಪ್ಪಿತ್ತು. ಕೆಮ್ಮಿಗೆ ಕಷಾಯ ಕಾಯಿಸಲು ಪ್ರಮಾಣ ಕೇಳಲು ಬಂದಿದ್ದರು. ಅದೇ ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸಬಲ್ಲದು ಎಂದು ವಿವರಿಸಿದೆ. ಆಕೆ ಮಾತಾಡಲಿಲ್ಲ, ಸೊಪ್ಪನ್ನು ನನ್ನ ಮೇಜಿನ ಮೇಲಿಟ್ಟರು. ಕೇಳಲು ಬಂದದ್ದು ಒಳ್ಳೆಯದಾಯಿತು. ಬಸುರಿಯರಿಗೆ ಇದನ್ನು ಕೊಡಲೇಬೇಡಿ. ವರ್ಷ ತುಂಬದ ಮಗುವಿಗೆ ಜೇನೂ ಬೇಡ.

ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ ಮನೆಮದ್ದಿಗೆ ನಿಲ್ಲಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತ.

ಕರಾವಳಿಯ ಕಡೆ ಎಲೆ ಚಿಕ್ಕದಾಗಿರುವ ಚಿಟ್ಟಾಡುಸೋಗೆಯೂ ಸಿಗುತ್ತದೆ. ಗಿಡದ ಗುರುತು ಖಚಿತವಿಲ್ಲದಿದ್ದರೆ ಹೂ ಬಿಡುವವರೆಗೆ ಕಾಯಿರಿ. ನೇರಳೆ ಗೀರು ಕಂಡ ಮೇಲೆ, ತಿಳಿದವರಿಗೊಮ್ಮೆ ತೋರಿಸಿಯೇ ಎಲೆ ಕೀಳಿ.