ಈ ಕ್ರ್ಯಾಂಕ್ ಉಕ್ಕಿನದೋ, ಎರಕದ್ದೋ?

ಪ್ರಶ್ನೆ: ನಮ್ಮದು ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಕೂರಿಸಿದ ಟ್ರಾಲರ್ ಬೋಟು. ಈ ಸಲ ಎಂಜಿನ್ ಬಿಚ್ಚಿದಾಗ ಕ್ರ್ಯಾಂಕಿನ (ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ) ಜರ್ನಲ್ ಒಂದು, ಅಂದರೆ ಬೇರಿಂಗಿನೊಳಗೆ ತಿರುಗುವ ದುಂಡು ಭಾಗ, ತೀರಾ ಸವೆದಿರುವುದು ಕಂಡಿತು. ಬದಲಿಗೆ ಒಂದು ಸೆಕೆಂಡ್ ಹ್ಯಾಂಡ್ ಕ್ರ್ಯಾಂಕ್ ನೋಡಿಟ್ಟಿದ್ದೇವೆ. ಮಾರುವವರು ‘ಅಸಲಿ ಸ್ಟೀಲು, ಫೋರ್ಜಿಂಗು’ (ಕಾಯಿಸಿ ಬಡಿದು ಮಾಡಿದ್ದು) ಎನ್ನುತ್ತಾರೆ. ನಮ್ಮ ಮೆಕ್ಯಾನಿಕ್ ‘ಬೀಡು (ಎರಕದ ಕಬ್ಬಿಣ) ಅದು, ಬೇಡ’ ಎನ್ನುತ್ತಾರೆ. ನಾವೇ ನೋಡಿ ತಿಳಿಯುವ ದಾರಿ ಇದೆಯೇ?
ತದಡಿಯ ಓದುಗರೊಬ್ಬರು

ಉತ್ತರ: ಇದೆ. ಹೆಚ್ಚಿನ ಸಲ ಅದಕ್ಕೆ ಒಂದು ತಂತಿ ಬ್ರಷ್, ಸ್ವಲ್ಪ ಡೀಸೆಲ್, ಒಂದು ಟಾರ್ಚ್ ಇದ್ದರೆ ಸಾಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ಎಂಜಿನ್‌ಗಳು ಮೇಲೇರುವುದು ಆ 61 ದಿನಗಳಲ್ಲೇ, ಹಳೆಯ ಕ್ರ್ಯಾಂಕುಗಳ ವ್ಯಾಪಾರ ಬಿಸಿಯಾಗುವುದೂ ಆಗಲೇ. ಆಗಸ್ಟ್ ಒಂದಕ್ಕೆ ಬೋಟು ಬಿಡಬೇಕು ಎಂಬ ಅವಸರದಲ್ಲಿ ‘ಸ್ಟೀಲು’ ಎಂಬ ಒಂದು ಮಾತಿಗೇ ಹೆಚ್ಚು ದುಡ್ಡು ಕೊಟ್ಟುಬಿಡುತ್ತೇವೆ.

ಮೊದಲು ‘ಬೀಡು’ ಎಂಬ ಹೆದರಿಕೆಯನ್ನು ಸ್ವಲ್ಪ ಸಡಿಲಿಸೋಣ. ಬೀಡು ಎಂದಕೂಡಲೇ ನೆನಪಾಗುವುದು ಕೈಜಾರಿ ಬಿದ್ದರೆ ಎರಡು ಹೋಳಾಗುವ ದೋಸೆ ಕಾವಲಿ. ಅಂಥ ಬೂದು ಬೀಡಿನೊಳಗೆ ಇಂಗಾಲವು ಗ್ರ್ಯಾಫೈಟಿನ ತೆಳು ಹಾಳೆಗಳಾಗಿ ಹರಡಿರುತ್ತದೆ. ಒಂದೊಂದು ಹಾಳೆಯ ಅಂಚೂ ಬಿರುಕು ಶುರುವಾಗಲು ಸಿದ್ಧವಾದ ಜಾಗ. 1940ರ ದಶಕದಲ್ಲಿ, ಕರಗಿದ ಬೀಡಿಗೆ ಕೊಂಚ ಮೆಗ್ನೀಷಿಯಂ ಬೆರೆಸಿದರೆ ಆ ಹಾಳೆಗಳು ಗುಂಡಾಗಿ, ಸಣ್ಣ ಸಣ್ಣ ಗೋಲಿಗಳಂತೆ ಕೂರುತ್ತವೆ ಎಂಬುದು ತಿಳಿಯಿತು. ಹಾಗೆ ಹುಟ್ಟಿದ್ದೇ ಎಸ್‌ಜಿ ಐರನ್, ಅಂದರೆ ನಾಡ್ಯುಲರ್ ಬೀಡು. ಇಂದು ಎರಕದ ಕ್ರ್ಯಾಂಕ್ ಎಂದರೆ ಬಹುತೇಕ ಇದೇ. ಬೂದು ಬೀಡು ಎಳೆತಕ್ಕೆ 200–300 ಮೆಗಾಪ್ಯಾಸ್ಕಲ್ ತಡೆದರೆ ಕ್ರ್ಯಾಂಕಿಗೆ ಬಳಸುವ ಎಸ್‌ಜಿ 600–800ರವರೆಗೆ ತಡೆಯುತ್ತದೆ. ಲೆಕ್ಕವಿಲ್ಲದಷ್ಟು ಪೆಟ್ರೋಲ್ ಕಾರುಗಳು ಇಂಥ ಕ್ರ್ಯಾಂಕಿನ ಮೇಲೆಯೇ ಓಡುತ್ತಿವೆ. ಆದ್ದರಿಂದ ಎರಕದ್ದು ಎಂದ ಮಾತ್ರಕ್ಕೆ ಅದು ಕಳಪೆಯಲ್ಲ. ತಾನು ಹುಟ್ಟಿದ ಎಂಜಿನ್ನಿನಲ್ಲಿ ಅದು ನೆಟ್ಟಗೇ ಇರುತ್ತದೆ. ತೊಂದರೆ ಬರುವುದು ಒಂದನ್ನು ಇನ್ನೊಂದು ಎಂದುಕೊಂಡು ರಿಪೇರಿಗೆ ಇಳಿದಾಗ.

ಈಗ ಗುರುತಿಸುವ ಕೆಲಸ. ಜರ್ನಲ್‌ಗಳನ್ನು ನೋಡಿ ಪ್ರಯೋಜನವಿಲ್ಲ, ಅವು ಎರಡರಲ್ಲೂ ಕನ್ನಡಿಯ ಹಾಗೆ ಗ್ರೈಂಡ್ ಆಗಿರುತ್ತವೆ. ನೋಡಬೇಕಾದದ್ದು ಯಂತ್ರ ಮುಟ್ಟದ ಜಾಗ: ಜರ್ನಲ್‌ಗಳನ್ನು ಒಂದಕ್ಕೊಂದು ಕೂಡಿಸುವ ಅಡ್ಡ ತೋಳುಗಳಾದ ವೆಬ್‌ಗಳ ಹೊರ ಅಂಚು, ಸಮತೋಲಕ್ಕೆಂದು ಇರುವ ಎದುರು ತೂಕವಾದ ಕೌಂಟರ್‌ವೇಟ್‌ನ ಬದಿ. ಎಣ್ಣೆ ಜಿಡ್ಡು, ಕರಿ, ತುಕ್ಕು ತೆಗೆದು ಟಾರ್ಚನ್ನು ಓರೆಯಾಗಿ ಹಿಡಿಯಿರಿ. ವೆಬ್‌ನ ಅಂಚಿನುದ್ದಕ್ಕೂ ಒಂದು ಗೆರೆ ಕಾಣುತ್ತದೆ. ಅಚ್ಚಿನ ಎರಡು ಹೋಳು ಕೂಡಿದ್ದ ಜಾಗ ಅದು.

ಎರಕದ ಕ್ರ್ಯಾಂಕಿನಲ್ಲಿ ಈ ಗೆರೆ ಸಪೂರ. ಮರಳಿನ ಅಚ್ಚಿನ ಸಂದಿಗೆ ಕರಗಿದ ಲೋಹ ನುಸುಳಿ ಉಳಿದ ಒಂದೆರಡು ಮಿಲಿಮೀಟರಿನ ಏಣು, ಅಷ್ಟೇ. ಉಗುರಿಗೆ ಚೂಪಾಗಿ ತಾಗುತ್ತದೆ. ಫೋರ್ಜಿಂಗಿನ ಕಥೆ ಬೇರೆ. ಅಲ್ಲಿ ಕೆಂಪಗೆ ಕಾದ ಉಕ್ಕಿನ ದಿಮ್ಮಿಯನ್ನು ಎರಡು ಡೈಗಳ ನಡುವೆ ಹಾಕಿ ಟನ್ನುಗಟ್ಟಲೆ ಒತ್ತಡದಲ್ಲಿ ಬಡಿಯುತ್ತಾರೆ. ಹೆಚ್ಚಾದ ಉಕ್ಕು ಡೈಗಳ ಸಂದಿಯಿಂದ ದಪ್ಪ ರೆಕ್ಕೆಯಾಗಿ ಹೊರಗೆ ಚಾಚುತ್ತದೆ, ಅದನ್ನು ಆಮೇಲೆ ಕತ್ತರಿಸಿ ಉಜ್ಜುತ್ತಾರೆ. ಹೀಗಾಗಿ ಉಳಿಯುವುದು ಗೆರೆಯಲ್ಲ, ಪಟ್ಟಿ. ದೊಡ್ಡ ಕ್ರ್ಯಾಂಕುಗಳಲ್ಲಿ ಬೆರಳಗಲ ಇರುತ್ತದೆ, ಅದರ ಮೇಲೆ ಕತ್ತರಿಸಿದ ಅಥವಾ ಗ್ರೈಂಡರ್ ಆಡಿದ ಗುರುತು ಕಾಣುತ್ತದೆ. ನಿಮ್ಮದರಂಥ ಆರು ಸಿಲಿಂಡರಿನ ಕ್ರ್ಯಾಂಕಿನಲ್ಲಿ ಇನ್ನೊಂದು ಸುಳಿವೂ ಸಿಗಬಹುದು. ಪಿಸ್ಟನ್ನಿನ ರಾಡುಗಳು ಕೂರುವ ಕ್ರ್ಯಾಂಕ್ ಪಿನ್‌ಗಳು 120 ಡಿಗ್ರಿ ಅಂತರದಲ್ಲಿ ಮೂರು ದಿಕ್ಕಿಗೆ ಇರಬೇಕಲ್ಲ, ಕೆಲವು ಕಾರ್ಖಾನೆಗಳು ಮೊದಲು ಚಪ್ಪಟೆಯಾಗಿ ಫೋರ್ಜ್ ಮಾಡಿ, ಬಿಸಿ ಇರುವಾಗಲೇ ತಿರುಚುತ್ತವೆ. ಅಂಥದ್ದರಲ್ಲಿ ಪಟ್ಟಿಯೂ ಒಂದೊಂದು ವೆಬ್‌ನಲ್ಲಿ ಒಂದೊಂದು ಕೋನಕ್ಕೆ ತಿರುಗಿರುತ್ತದೆ. ಎರಕದಲ್ಲಿ ಇದು ಆಗುವ ಮಾತಲ್ಲ.

ನನ್ನನ್ನು ಕೇಳಿದರೆ ಮುಖ್ಯ ಸಾಕ್ಷಿ ಈ ಗೆರೆಯೇ. ಉಳಿದವೆಲ್ಲ ಅದಕ್ಕೆ ಪೋಷಕ. ಒಂದು ಎಚ್ಚರಿಕೆ ಮಾತ್ರ ಬೇಕು: ಕೆಲವು ಕ್ರ್ಯಾಂಕುಗಳ ವೆಬ್‌ಗಳನ್ನೂ ಪೂರ್ತಿ ಮಷಿನಿಂಗ್ ಮಾಡಿರುತ್ತಾರೆ, ಆಗ ಗೆರೆಯೂ ಇಲ್ಲ, ಪಟ್ಟಿಯೂ ಇಲ್ಲ. ಯಾರಾದರೂ ಗ್ರೈಂಡರ್ ಹಿಡಿದು ಸಪೂರ ಏಣನ್ನು ಅಗಲವಾಗಿ ಉಜ್ಜಿ ‘ಪಟ್ಟಿ’ ಮಾಡಿಟ್ಟಿರಲೂಬಹುದು. ಅದಕ್ಕೇ ಒಂದೇ ವೆಬ್ ನೋಡಿ ಏಳಬೇಡಿ, ಮೂಲೆಯಲ್ಲಿ ಅಡಗಿದ, ಗ್ರೈಂಡರ್ ಹೋಗದ ಒಳಸಂದಿಗಳನ್ನೂ ನೋಡಿ.

ಮೈಯ ತರಿ, ಉಬ್ಬು ಅಕ್ಷರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಕದ ಮೈ ಮರಳಿನ ಕಾಳಿನ ಹಾಗೆ ತರಿತರಿ, ಫೋರ್ಜಿಂಗಿನ ಮೈ ಹೆಚ್ಚು ನಯ. ಆದರೆ ಉಪ್ಪುಗಾಳಿಯಲ್ಲಿ ವರ್ಷ ಕಳೆದ ಮೇಲೆ ತುಕ್ಕು ಎರಡನ್ನೂ ಒಂದೇ ಮಾಡುತ್ತದೆ. ಉಬ್ಬಿದ ನಂಬರ್ ಎರಡರಲ್ಲೂ ಇರುತ್ತದೆ, ನಂಬರ್ ಇದ್ದರೆ ಎರಕ ಎಂದುಕೊಳ್ಳಬೇಡಿ. ‘ಎಸ್‌ಜಿ’, ಹಳೆಯ ಜರ್ಮನ್ ಗುರುತಾದ ‘ಜಿಜಿಜಿ’, ಜಪಾನಿನ ‘ಎಫ್‌ಸಿಡಿ’ ಇವುಗಳಲ್ಲಿ ಯಾವುದಾದರೂ ಕಂಡರೆ ಮಾತ್ರ ಅದು ನಾಡ್ಯುಲರ್ ಬೀಡು ಎಂದೇ ತಿಳಿಯಿರಿ. ಎಂಜಿನ್ನಿನ ಹೆಸರು ಹೇಳಿ ‘ಈ ಮಾಡೆಲ್ಲಿಗೆ ಸ್ಟೀಲೇ ಬರುವುದು’ ಎನ್ನುವುದೂ ಪೂರ್ತಿ ನಂಬುವಂಥದ್ದಲ್ಲ. ಭಾರಿ ಡೀಸೆಲ್‌ಗಳಲ್ಲಿ ಫೋರ್ಜಿಂಗ್ ಹೆಚ್ಚು ಎಂಬುದು ನಿಜ. ಆದರೆ ಅಮೆರಿಕದ ಷೆವರ್ಲೆ 350 ವಿ8ನಂಥ ಹೆಸರಾಂತ ಎಂಜಿನ್ ಕೂಡ ಎರಡೂ ಬಗೆಯ ಕ್ರ್ಯಾಂಕಿನಲ್ಲಿ ಬಂದಿತ್ತು. ಮೇಲಾಗಿ ಬದಲಿ ಬಿಡಿಭಾಗ ಮಾಡುವವರು ಮೂಲದ ಲೋಹವನ್ನೇ ಬಳಸಬೇಕೆಂದೇನಿಲ್ಲ. ಅಂದಹಾಗೆ ಬೈಕಿನ ಕ್ರ್ಯಾಂಕಿಗೆ ಈ ಪ್ರಶ್ನೆಯೇ ಏಳುವುದಿಲ್ಲ, ಅಲ್ಲಿ ಹೆಚ್ಚಾಗಿ ಉಕ್ಕಿನ ತುಂಡುಗಳನ್ನು ಒತ್ತಿ ಕೂಡಿಸಿರುತ್ತಾರೆ.

ಗ್ಯಾರೇಜುಗಳಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಸುತ್ತಿಗೆಯದು. ಕ್ರ್ಯಾಂಕಿನ ಗೇರು, ಪುಲ್ಲಿ ಕಳಚಿ, ಒಂದು ತುದಿಗೆ ಹಗ್ಗ ಕಟ್ಟಿ ತೂಗುಹಾಕಿ, ಕೌಂಟರ್‌ವೇಟಿಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಉಕ್ಕು ಗಂಟೆಯ ಹಾಗೆ ‘ಠಣ್’ ಎಂದು ಬಹಳ ಹೊತ್ತು ಅನುರಣಿಸುತ್ತದೆ. ಗ್ರ್ಯಾಫೈಟ್ ಕಂಪನವನ್ನು ಕುಡಿಯುವುದರಿಂದ ಬೀಡು ಬೇಗ ಸುಮ್ಮನಾಗುತ್ತದೆ. ನೆಲದ ಮೇಲೆ ಮಲಗಿಸಿ ಬಡಿದರೆ ಯಾವುದೂ ತಿಳಿಯುವುದಿಲ್ಲ. ಪರೀಕ್ಷೆ ಚೆನ್ನಾಗಿದೆ, ಆದರೆ ಎರಡು ಕಡೆ ದಾರಿ ತಪ್ಪಿಸುತ್ತದೆ. ಎಸ್‌ಜಿ ಬೀಡು ಬೂದು ಬೀಡಿನಷ್ಟು ಮೊದ್ದಲ್ಲ, ನಡುವಿನ ದನಿ ಕೊಡುತ್ತದೆ, ಹೋಲಿಸಲು ಪಕ್ಕದಲ್ಲಿ ಇನ್ನೊಂದಿಲ್ಲದೆ ಕಿವಿಗೆ ಗೊತ್ತಾಗುವುದು ಕಷ್ಟ. ಎರಡನೆಯದು ಇನ್ನೂ ಮುಖ್ಯ: ಬಿರುಕು ಬಿಟ್ಟ ಉಕ್ಕಿನ ಕ್ರ್ಯಾಂಕ್ ಕೂಡ ಮೊದ್ದಾಗಿಯೇ ಸದ್ದು ಮಾಡುತ್ತದೆ. ಅಗಲ ಪಟ್ಟಿ ಇದ್ದೂ ದನಿ ಸತ್ತಿದ್ದರೆ ಆ ಕ್ರ್ಯಾಂಕನ್ನು ಅಲ್ಲೇ ಬಿಟ್ಟು ಬನ್ನಿ.

ಅಯಸ್ಕಾಂತ ಹಿಡಿದು ನೋಡುವವರೂ ಇದ್ದಾರೆ. ಎರಡಕ್ಕೂ ಅದು ಅಂಟುತ್ತದೆ.

ಇನ್ನು ತೂಕ. ಉಕ್ಕಿನ ಸಾಂದ್ರತೆ ಸುಮಾರು 7.85, ಎಸ್‌ಜಿ ಬೀಡಿನದು 7.1ರಿಂದ 7.2, ನೀರಿಗೆ ಹೋಲಿಸಿ. ಆದರೆ ಬರೀ ಎತ್ತಿ ನೋಡಿ ‘ಭಾರ ಇದೆ, ಸ್ಟೀಲು’ ಎನ್ನಲಾಗದು. ಎರಕದಲ್ಲಿ ಪಿನ್‌ಗಳನ್ನು ಒಳಗೆ ಟೊಳ್ಳು ಬಿಟ್ಟು ಎರೆಯುವುದು ಸುಲಭ, ಕೌಂಟರ್‌ವೇಟಿನ ಗಾತ್ರವೂ ಬೇರೆ ಬೇರೆ. ಆಕಾರದ ಹಂಗಿಲ್ಲದೆ ಸಾಂದ್ರತೆ ತಿಳಿಯಬೇಕಾದರೆ ನೀರಿನಲ್ಲಿ ಮುಳುಗಿಸಿ ತೂಗಬೇಕು. ಬಂದರಿನಲ್ಲಿ ತೂಗುಹಾಕಿ ತೂಗುವ ಡಿಜಿಟಲ್ ತಕ್ಕಡಿ ಸಿಗುವವರಿಗೆ ಇದು ಆಗದ ಕೆಲಸವೇನಲ್ಲ. 40 ಕೆ.ಜಿ. ತೂಗುವ ಕ್ರ್ಯಾಂಕನ್ನು ದೊಡ್ಡ ಡ್ರಮ್ಮಿನ ನೀರಿನಲ್ಲಿ, ತಳಕ್ಕೂ ಬದಿಗೂ ತಾಗದಂತೆ, ಪೂರ್ತಿ ಮುಳುಗಿಸಿ ತೂಗಿ. ಉಕ್ಕಿನದಾದರೆ ತೂಕ ಸುಮಾರು 5.1 ಕೆ.ಜಿ. ಕಡಿಮೆ ತೋರಿಸುತ್ತದೆ, ಎಸ್‌ಜಿ ಆದರೆ ಸುಮಾರು 5.6. ಮೊದಲ ತೂಕವನ್ನು ಈ ಕಡಿತದಿಂದ ಭಾಗಿಸಿದರೆ ಬರುವುದೇ ಸಾಂದ್ರತೆ. ವ್ಯತ್ಯಾಸ ಬರೀ ಅರ್ಧ ಕಿಲೋ, ಹಾಗಾಗಿ ತಕ್ಕಡಿ ಐವತ್ತು ಗ್ರಾಮಿನಷ್ಟನ್ನಾದರೂ ಸರಿಯಾಗಿ ತೋರಿಸಬೇಕು. ಬಾವಿ ನೀರೇ ಆಗಬೇಕು, ಸಮುದ್ರದ ನೀರು ಹೆಚ್ಚು ಸಾಂದ್ರ, ಲೆಕ್ಕ ತಪ್ಪುತ್ತದೆ. ಎಣ್ಣೆ ಹರಿಯುವ ರಂಧ್ರಗಳ ಪ್ಲಗ್ ತೆಗೆದು, ಕ್ರ್ಯಾಂಕನ್ನು ನೀರಿನೊಳಗೇ ಅಲ್ಲಾಡಿಸಿ ಗಾಳಿ ಹೊರಹಾಕಿ. ಒಳಗೆ ಸಿಕ್ಕಿಕೊಂಡ ಗಾಳಿ ಉಕ್ಕನ್ನು ಬೀಡಾಗಿಸಿ ತೋರಿಸಿಬಿಡುತ್ತದೆ. ಮುಗಿದ ತಕ್ಷಣ ಒರೆಸಿ ಎಣ್ಣೆ ಹಚ್ಚುವುದನ್ನು ನಿಮಗೆ ಹೇಳಬೇಕಾಗಿಲ್ಲ.

ಇಷ್ಟಾದರೂ ಅನುಮಾನ ಉಳಿದರೆ ಕಿಡಿ, ಇಲ್ಲವೇ ಪುಡಿ. ಕ್ರ್ಯಾಂಕಿನ ಉಕ್ಕಿನಲ್ಲಿ ಇಂಗಾಲ ಶೇ. 0.4ರ ಆಸುಪಾಸು, ಬೀಡಿನಲ್ಲಿ ಶೇ. 3ಕ್ಕಿಂತ ಮೇಲೆ. ಗ್ರೈಂಡರ್ ತಾಗಿಸಿದರೆ ಉಕ್ಕಿನ ಕಿಡಿ ಉದ್ದಕ್ಕೆ ಹಾರಿ, ಬಿಳಿ-ಹಳದಿಯಾಗಿ, ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ. ಬೀಡಿನ ಕಿಡಿ ಚಕ್ರದ ಹತ್ತಿರ ಮಸುಕು ಕೆಂಪು, ಗಿಡ್ಡ. ಪಕ್ಕದಲ್ಲಿ ಹಳೆಯ ಆಕ್ಸಲ್ ತುಂಡು, ಹಳೆಯ ಬ್ರೇಕ್ ಡ್ರಮ್ ಇಟ್ಟುಕೊಂಡು ಅವುಗಳ ಕಿಡಿಯನ್ನೂ ನೋಡಿದರೆ ಹೋಲಿಕೆ ಸುಲಭ. ಆದರೆ ಜರ್ನಲ್ಲಿಗಾಗಲಿ, ಜರ್ನಲ್ಲೂ ವೆಬ್ಬೂ ಸೇರುವ ದುಂಡು ಮೂಲೆಗಾಗಲಿ ಗ್ರೈಂಡರ್ ತಾಗಿಸಲೇಬಾರದು, ಕ್ರ್ಯಾಂಕ್ ಮುರಿಯುವುದು ಹೆಚ್ಚಾಗಿ ಆ ಮೂಲೆಯಿಂದಲೇ. ನನಗೆ ಇಷ್ಟವಾದದ್ದು ಇದಕ್ಕಿಂತ ಸೌಮ್ಯವಾದ ದಾರಿ. ಕೌಂಟರ್‌ವೇಟಿನಲ್ಲಿ ಬ್ಯಾಲೆನ್ಸಿಗೆಂದು ಕಾರ್ಖಾನೆಯವರೇ ಕೊರೆದ ತೂತುಗಳಿರುತ್ತವೆ. ಅದರೊಳಗೆ ಡ್ರಿಲ್ ಬಿಟ್ ಇಟ್ಟು ಒಂದೆರಡು ಸುತ್ತು ತಿರುಗಿಸಿ ಬಿಳಿ ಕಾಗದದ ಮೇಲೆ ಪುಡಿ ಹಿಡಿಯಿರಿ. ಉಕ್ಕು ಸುರುಳಿಯಾಗಿ ಎದ್ದು ಬರುತ್ತದೆ. ಬೀಡು ತುಂಡು ತುಂಡಾಗಿ ಉದುರುತ್ತದೆ, ಬೆರಳಲ್ಲಿ ಉಜ್ಜಿದರೆ ಪೆನ್ಸಿಲ್ಲಿನ ಸೀಸದಂಥ ಕಪ್ಪು ಹತ್ತುತ್ತದೆ. ಸೀಸದ ಕಡ್ಡಿಯೂ ಬೀಡಿನೊಳಗಿರುವುದೂ ಒಂದೇ ಗ್ರ್ಯಾಫೈಟ್ ತಾನೆ. ಮಾರುವವರ ಒಪ್ಪಿಗೆ ಪಡೆದೇ ಇದನ್ನು ಮಾಡಬೇಕು. ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ತಿಳಿದ ಮೇಲೆ ಏನು? ಅಲ್ಲೇ ಈ ಗುರುತಿಸುವಿಕೆಯ ಬೆಲೆ ಇರುವುದು. ಕ್ರ್ಯಾಂಕ್ ಸ್ವಲ್ಪ ಬಾಗಿದೆ ಎನ್ನೋಣ. ಉಕ್ಕು ಮುರಿಯುವ ಮೊದಲು ಸಾಕಷ್ಟು ಹಿಗ್ಗಬಲ್ಲದು, ಅನುಭವಿಗಳು ಪ್ರೆಸ್ಸಿನಲ್ಲಿ ನೇರ ಮಾಡಿ ಬಿರುಕು ಪರೀಕ್ಷಿಸಿ ಕೊಡುತ್ತಾರೆ. ಕ್ರ್ಯಾಂಕಿಗೆ ಬಳಸುವ ಗಟ್ಟಿ ಎಸ್‌ಜಿ ಹಿಗ್ಗುವುದು ಶೇ. 2–3 ಮಾತ್ರ, ಪ್ರೆಸ್ಸಿಗೆ ಕೊಟ್ಟರೆ ಮೂಲೆಯಲ್ಲಿ ಕಾಣದ ಬಿರುಕು ಕಟ್ಟಿಕೊಂಡು ಬರಬಹುದು. ಸವೆದ ಜರ್ನಲ್ಲಿಗೆ ವೆಲ್ಡಿಂಗಿನಿಂದ ಲೋಹ ತುಂಬಿ ಮತ್ತೆ ಗ್ರೈಂಡ್ ಮಾಡುವುದೂ ಹಾಗೆಯೇ. ಉಕ್ಕಿಗೆ ಮೊದಲು ಕಾಯಿಸಿ, ಆಮೇಲೆ ಒತ್ತಡ ಇಳಿಸಿ, ನಿಯಮದಂತೆ ಮಾಡಿದರೆ ಆಗುತ್ತದೆ. ಬೀಡಿನ ಕ್ರ್ಯಾಂಕಿಗೆ ವೆಲ್ಡಿಂಗ್ ಎಂದರೆ ನಾನಾದರೆ ಬೇಡ ಎನ್ನುತ್ತೇನೆ. ಗ್ರ್ಯಾಫೈಟಿನ ಇಂಗಾಲ ಬೆಸುಗೆಗೆ ಬೆರೆತು ಅಲ್ಲಿ ಗಾಜಿನಂಥ ಗಡಸು ಪದರ ಹುಟ್ಟುತ್ತದೆ.

ಗ್ರೈಂಡಿಂಗಿನಲ್ಲೂ ಒಂದು ಸೂಕ್ಷ್ಮವಿದೆ. ಎಸ್‌ಜಿಯ ಜರ್ನಲ್ ಉಜ್ಜಿದಾಗ ಮೇಲ್ಮೈಯ ಗ್ರ್ಯಾಫೈಟ್ ಗೋಲಿಗಳ ಬಾಯಿಗೆ ಕಣ್ಣಿಗೆ ಕಾಣದ ಕಬ್ಬಿಣದ ಮುಳ್ಳುಗಳು ಏಳುತ್ತವೆ. ಅವು ಶಾಫ್ಟ್ ತಿರುಗುವ ದಿಕ್ಕಿಗೇ ಮುಖಮಾಡಿದರೆ ಹೊಸ ಬೇರಿಂಗ್ ಶೆಲ್ಲನ್ನು ಅರದಂತೆ ಕೆರೆಯುತ್ತವೆ. ಅದಕ್ಕಾಗಿ ಎಂಜಿನ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಗ್ರೈಂಡ್ ಮಾಡಿ, ಕೊನೆಯ ಪಾಲಿಶ್ಶನ್ನು ತಿರುಗುವ ದಿಕ್ಕಿನಲ್ಲೇ ಕೊಡಬೇಕು. ಅರಬೈಲು ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಕ್ರ್ಯಾಂಕ್ ಕಳಿಸುವವರು ಚೀಟಿಯಲ್ಲಿ ಬರೀ ‘0.50 ಅಂಡರ್‌ಸೈಜ್’ (ಮೂಲ ಅಳತೆಗಿಂತ ಅರ್ಧ ಮಿಲಿಮೀಟರ್ ಕಡಿಮೆ) ಎಂದು ಬರೆಯದೆ ಲೋಹ ಯಾವುದು, ಎಂಜಿನ್ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನೂ ಬರೆಯಿರಿ. ಉಕ್ಕಿನದಾದರೆ ಕೇಳಬೇಕಾದ್ದು ಬೇರೆ: ನೈಟ್ರೈಡಿಂಗ್, ಅಂದರೆ ಮೈಗೆ ನೈಟ್ರೋಜನ್ ಸೇರಿಸಿ ಗಡಸು ಮಾಡುವ ಕೆಲಸ, ಆಗಿದೆಯೇ? ಆ ಗಡಸು ಪದರ ಬಲು ತೆಳು, ಆಳವಾಗಿ ಗ್ರೈಂಡ್ ಮಾಡಿದರೆ ಹೊರಟುಹೋಗುತ್ತದೆ, ಮತ್ತೆ ಮಾಡಿಸಬೇಕು. ವಿದ್ಯುತ್ತಿನಿಂದ ಮೈ ಕಾಯಿಸಿ ತಣಿಸಿ ಮಾಡಿದ ಇಂಡಕ್ಷನ್ ಗಡಸಾದರೆ ಕೆಲವು ಮಿಲಿಮೀಟರ್ ಆಳ ಇರುತ್ತದೆ, ಚಿಂತೆ ಕಡಿಮೆ.

ನಿಮ್ಮ ವಿಷಯಕ್ಕೆ ಬಂದರೆ, ಬೋಟಿನ ಎಂಜಿನ್ ತಾಸುಗಟ್ಟಲೆ ಒಂದೇ ಭಾರದಲ್ಲಿ ಬಲೆ ಎಳೆಯುತ್ತದೆ, ಲಾರಿಯ ಹಾಗೆ ಇಳಿಜಾರಿನ ಬಿಡುವು ಅದಕ್ಕಿಲ್ಲ. ನಿಮ್ಮ ಹಳೆಯ ಕ್ರ್ಯಾಂಕಿನಲ್ಲಿ ಅಗಲ ಪಟ್ಟಿ ಇದ್ದು ಹೊಸದರಲ್ಲಿ ಸಪೂರ ಗೆರೆ ಇದ್ದರೆ, ಎಂಜಿನ್ ತಯಾರಿಸಿದವರು ಲೆಕ್ಕ ಹಾಕಿದ ಲೋಹ ಅದಲ್ಲ, ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ. ಎರಡರಲ್ಲೂ ಸಪೂರ ಗೆರೆಯೇ ಇದ್ದರೆ ‘ಬೀಡು’ ಎಂದು ತಳ್ಳಿಹಾಕಲು ಕಾರಣವಿಲ್ಲ, ಸ್ಟೀಲಿನ ಬೆಲೆ ಮಾತ್ರ ಕೊಡಬೇಡಿ. ಯಾವುದೇ ಆಗಲಿ, ದುಡ್ಡು ಕೈಬದಲಾಗುವ ಮೊದಲು ಕಾಂತೀಯ ಬಿರುಕು ಪರೀಕ್ಷೆ ಮಾಡಿಸಿ. ಎರಡೂ ಲೋಹಕ್ಕೆ ಅದು ನಡೆಯುತ್ತದೆ. ಸವೆದ ನಿಮ್ಮ ಹಳೆಯದು ಫೋರ್ಜಿಂಗೇ ಆಗಿದ್ದು ಬಿರುಕಿಲ್ಲದಿದ್ದರೆ, ಅದನ್ನು ಕೊಟ್ಟುಬಿಡುವ ಮೊದಲು ಅಂಡರ್‌ಸೈಜ್ ಗ್ರೈಂಡಿಂಗಿಗೆ ಇನ್ನೂ ಅಳತೆ ಉಳಿದಿದೆಯೇ ಎಂದು ಮೈಕ್ರೋಮೀಟರ್ ಹಿಡಿಸಿ ನೋಡಿ. ಜರ್ನಲ್ ಒಂದೇ ಯಾಕೆ ಸವೆಯಿತು ಎಂಬುದನ್ನೂ ಹುಡುಕಿ. ಅದಕ್ಕೆ ಹೋಗುವ ಎಣ್ಣೆಯ ದಾರಿ ಕಟ್ಟಿದೆಯೋ, ಅಥವಾ ಫ್ಲೈವ್ಹೀಲ್ ಕಡೆಯ ಮೇನ್ ಜರ್ನಲ್ ಆಗಿದ್ದರೆ ಎಂಜಿನ್ನಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಜೋಡಣೆ ತಪ್ಪಿದೆಯೋ. ದಡದ ಮೇಲೆ ಸರಿ ಕಂಡ ಜೋಡಣೆ ಬೋಟು ನೀರಿಗಿಳಿದ ಮೇಲೆ ಬದಲಾಗುತ್ತದೆ, ಆದ್ದರಿಂದ ಕಪ್ಲಿಂಗಿನ ಸಂದಿಯನ್ನು ಬೋಟು ತೇಲುತ್ತಿರುವಾಗ ಇನ್ನೊಮ್ಮೆ ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ತಗಡುಗಳು) ಅಳೆಸಿ.