ಬಾಕ್ಸಿಂಗ್ ಕಾರ್ಡು ಕೊಳ್ಳುವ ಮುಂಚೆ ಅಂಚು ನೋಡಿ

ಹಳೆಯ ಕಾಗದಗಳನ್ನು ಸರಿಪಡಿಸಿ ಕಾಪಾಡುವುದು ನನ್ನ ವೃತ್ತಿ. ಪತ್ರ, ನಕ್ಷೆ, ಫೋಟೋಗಳ ಜೊತೆಗೆ ಈಗೀಗ ಬಾಕ್ಸಿಂಗ್ ಕಾರ್ಡುಗಳೂ, ಅಂದರೆ ಬಾಕ್ಸರುಗಳ ಚಿತ್ರವಿರುವ, ಜನ ಸೇರಿಸಿಡುವ ಪುಟ್ಟ ಕಾರ್ಡುಗಳೂ ನನ್ನ ಮೇಜಿಗೆ ಬರುತ್ತಿವೆ. ಹೆಚ್ಚಿನವು ಅಮೆರಿಕ, ಯುರೋಪಿನಲ್ಲಿ ಅಚ್ಚಾದವು. ಹೊರದೇಶದಲ್ಲಿರುವ ನಮ್ಮವರು ರಜೆಗೆ ಬಂದಾಗ ತಂದು ತೋರಿಸುತ್ತಾರೆ. ‘ಇದಕ್ಕೆ ಎಷ್ಟು ಬೆಲೆ ಬರಬಹುದು?’ ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ನಾನು ಮೊದಲು ಕೇಳುವುದು ಬೇರೆ. ಈ ಕಾರ್ಡು ಜನರ ಕೈಗೆ ಬಂದದ್ದು ಹೇಗೆ? ಸಿಗರೇಟ್ ಪ್ಯಾಕಿನಲ್ಲಾ, ಬಬಲ್ ಗಮ್ ಜೊತೆಗಾ, ವಾರಪತ್ರಿಕೆಯ ಒಳಗಾ?

ಬೇಸ್‌ಬಾಲ್ ಕಾರ್ಡು ಸೇರಿಸುವವರಿಗೆ ಈ ತಲೆನೋವು ಕಡಿಮೆ. ಟಾಪ್ಸ್ ಕಂಪನಿ 1950ರ ದಶಕದ ಶುರುವಿನಿಂದ ಪ್ರತಿವರ್ಷ ಕಾರ್ಡು ತರುತ್ತಿದೆ. ಆಟಗಾರ ಯಾವ ವರ್ಷ ಬಂದ ಅಂತ ಗೊತ್ತಿದ್ದರೆ ಅವನ ಮೊದಲ ಕಾರ್ಡು ಹುಡುಕುವುದು ಸುಲಭ. ಬಾಕ್ಸಿಂಗ್‌ನಲ್ಲಿ ಎಲ್ಲರನ್ನೂ ಒಟ್ಟಿಗೆ ಹಿಡಿದಿಡುವ ಒಂದು ಲೀಗ್ ಇಲ್ಲ. ಕಾರ್ಡು ತರುವ ಕಂಪನಿ ಒಬ್ಬೊಬ್ಬ ಬಾಕ್ಸರ್ ಜೊತೆಯೂ ಬೇರೆಯಾಗಿ ಮಾತಾಡಿ ಒಪ್ಪಿಸಬೇಕು. ಹಾಗಾಗಿ ವರ್ಷಗಟ್ಟಲೆ ಒಳ್ಳೆಯ ಸೆಟ್ಟೇ ಬರದ ಕಾಲವೂ ಇತ್ತು. ದೊಡ್ಡ ದೊಡ್ಡ ಬಾಕ್ಸರುಗಳ ಮೊದಲ ಕಾರ್ಡುಗಳು ಎಲ್ಲೆಲ್ಲೋ ಚದುರಿಹೋಗಿವೆ.

ಮುಹಮ್ಮದ್ ಅಲಿಯದ್ದೇ ನೋಡಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಅವರ ಹೆಸರು ಕ್ಯಾಸಿಯಸ್ ಕ್ಲೇ. ಅವರ ಮೊದಲ ಕಾರ್ಡು ಎಂದು ಹೆಚ್ಚಿನ ಸಂಗ್ರಾಹಕರು ಒಪ್ಪುವುದು ಅದೇ ವರ್ಷ ಸ್ವೀಡನ್ನಿನ ‘ಹೆಮ್ಮೆಟ್ಸ್ ಜರ್ನಲ್’ ಪತ್ರಿಕೆಯಲ್ಲಿ ಬಂದದ್ದನ್ನು. ಓದುಗರು ಪುಟದಿಂದ ಅದನ್ನು ಕೈಯಲ್ಲೇ ಕತ್ತರಿಸಿಕೊಳ್ಳಬೇಕಿತ್ತು. ಆದ್ದರಿಂದ ಒಂದರ ಅಂಚು ಇನ್ನೊಂದರ ಹಾಗಿರುವುದಿಲ್ಲ. ಸೊಟ್ಟ ಅಂಚು ಈ ಕಾರ್ಡಿಗೆ ಸಹಜ.

ಅದೇ ಸೊಟ್ಟ ಅಂಚು 1951ರ ಟಾಪ್ಸ್ ರಿಂಗ್‌ಸೈಡ್ ಕಾರ್ಡಿನಲ್ಲಿ ಕಂಡರೆ ನಾನು ಅಲ್ಲೇ ನಿಲ್ಲುತ್ತೇನೆ. ಇದು ಗಮ್ ಜೊತೆ ಮಾರಿದ, ಯಂತ್ರದಲ್ಲಿ ಕತ್ತರಿಸಿದ 96 ಕಾರ್ಡುಗಳ ಸೆಟ್. ರಾಕಿ ಮಾರ್ಸಿಯಾನೋ ಹೆವಿವೇಟ್ ಚಾಂಪಿಯನ್ ಆದದ್ದು 1952ರಲ್ಲಿ. ಈ ಸೆಟ್ಟಿನಲ್ಲಿರುವುದು ಅದಕ್ಕೂ ಮುಂಚಿನ ಮಾರ್ಸಿಯಾನೋ, ಅದಕ್ಕೇ ಅಷ್ಟು ಬೇಡಿಕೆ. ಸವೆದ ಮೂಲೆಯನ್ನು ಮರೆಮಾಡಲು ಯಾರೋ ಬ್ಲೇಡಿನಿಂದ ಅಂಚು ಸವರಿರುತ್ತಾರೆ. ಮೂಲೆ ಚೂಪಾಗುತ್ತದೆ, ಕಾರ್ಡು ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಅದೇ ಸೆಟ್ಟಿನ ಅಗ್ಗದ ಕಾರ್ಡೊಂದನ್ನು ಪಕ್ಕದಲ್ಲಿಟ್ಟು ಅಳೆಯಿರಿ. ನಾಲ್ಕೂ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಮೂರು ಅಂಚು ಕಂದಿ ಮೆತ್ತಗಾಗಿದ್ದು, ಒಂದು ಮಾತ್ರ ಬೆಳ್ಳಗೆ ಗರಿಗರಿಯಾಗಿದ್ದರೆ ಅದು ನಂತರ ಕತ್ತರಿಸಿದ್ದು. ಕಾರ್ಡಿನ ಸ್ಥಿತಿ ಪರೀಕ್ಷಿಸಿ ಅಂಕ ಕೊಡುವ ಗ್ರೇಡಿಂಗ್ ಕಂಪನಿಗಳೂ ಇಂಥದ್ದಕ್ಕೆ ಅಂಕ ಕೊಡುವುದಿಲ್ಲ.

ಮೈಕ್ ಟೈಸನ್ ಅವರದ್ದು ಇನ್ನೊಂದು ಕಥೆ. ಅವರ ಕಾರ್ಡು ಎಂದು ಜನ ಹುಡುಕುವುದು 1986ರ ಪಾನಿನಿ ಸೂಪರ್‌ಸ್ಪೋರ್ಟ್, ಇಟಲಿಯದ್ದು. ಅದು ಕಾರ್ಡೇ ಅಲ್ಲ, ಆಲ್ಬಮ್ಮಿಗೆ ಅಂಟಿಸುವ ಸ್ಟಿಕರ್. ಅದೇ ವರ್ಷ ನವೆಂಬರಿನಲ್ಲಿ, 20ನೇ ವಯಸ್ಸಿಗೆ, ಟೈಸನ್ ಚಾಂಪಿಯನ್ ಆದರು. ಇಲ್ಲಿ ಮುಂಭಾಗಕ್ಕಿಂತ ಮೊದಲು ಹಿಂಭಾಗ ನೋಡಬೇಕು. ಹಿಂದಿನ ಹಾಳೆ ಬಿಡಿಸದೆ ಹಾಗೇ ಇರಬೇಕು. ಆಲ್ಬಮ್ಮಿನಿಂದ ಕಿತ್ತದ್ದರಲ್ಲಿ ಅಂಟಿನ ಕಲೆ, ಎಳೆದ ಕಾಗದದ ನಾರು ಉಳಿದಿರುತ್ತದೆ.

ಹೆಚ್ಚು ಮೋಸ ನಡೆಯುವುದು ಸಿಗರೇಟ್ ಕಾರ್ಡುಗಳಲ್ಲಿ. ಮೆತ್ತಗಿನ ಪ್ಯಾಕು ಮುದುರದಿರಲಿ ಅಂತ ಒಳಗಿಡುತ್ತಿದ್ದ ರಟ್ಟಿನ ತುಂಡು ಅದು. 1887ರಲ್ಲಿ ವರ್ಜೀನಿಯಾದ ಅಲೆನ್ ಅಂಡ್ ಜಿಂಟರ್ ಕಂಪನಿ ತಂದ 50 ಕ್ರೀಡಾಪಟುಗಳ ಸೆಟ್ಟಿನಲ್ಲಿ ಬಾಕ್ಸರುಗಳು 10 ಜನ, ಜಾನ್ ಎಲ್. ಸಲಿವನ್ ಸೇರಿ. 1910ರ ಹೊತ್ತಿಗೆ ಮೆಕ್ಕಾ, ಹಸನ್ ಸಿಗರೇಟುಗಳ ಜೊತೆ ಜ್ಯಾಕ್ ಜಾನ್ಸನ್ ಬಂದರು. ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ನರ ಮುಖ ಅಂದಿನ ಅಮೆರಿಕದಲ್ಲಿ ಅಪರಿಚಿತರ ಜೇಬಿನಲ್ಲೆಲ್ಲ ಓಡಾಡಿತು ಅಂದರೆ ಸಣ್ಣ ವಿಷಯವಲ್ಲ. ಇಂಥ ಕಾರ್ಡು ಕೈಗೆ ಬಂದಾಗ ನನಗೆ ಈಗಲೂ ಖುಷಿಯಾಗುತ್ತದೆ.

ಆ ಕಾಲದ ಬಣ್ಣದ ಕಾರ್ಡು ಕಲ್ಲಚ್ಚಿನದು. ದೊಡ್ಡದು ಮಾಡಿ ನೋಡಿದರೆ ಮುಖದ ಮೇಲಿನ ಚುಕ್ಕೆಗಳು ಅಡ್ಡಾದಿಡ್ಡಿ, ಗೆರೆಗಳಲ್ಲಿ ಬಣ್ಣ ಗಟ್ಟಿಯಾಗಿ ಕೂತಿರುತ್ತದೆ. ಈಚಿನ ನಕಲಿನಲ್ಲಿ ಅಕ್ಷರದ ಅಂಚಿನಲ್ಲೂ ಲೆಕ್ಕಹಾಕಿ ಜೋಡಿಸಿದ ಹಾಗೆ ಸಾಲು ಚುಕ್ಕೆ. ಅಂಗಡಿಗಳಲ್ಲಿ ನೋಟು ಪರೀಕ್ಷಿಸುತ್ತಾರಲ್ಲ, ಆ ನೀಲಿ ಯುವಿ ಟಾರ್ಚೂ ಸಾಕು. ಕಾಗದ ಬೆಳ್ಳಗೆ ಕಾಣಲಿ ಅಂತ ಹಾಕುವ ಹೊಳಪಿನ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರ ಆಸುಪಾಸಿನಲ್ಲಿ. 1910ರದ್ದು ಎನ್ನುವ ಕಾರ್ಡಿನ ರಟ್ಟು ಆ ಬೆಳಕಿಗೆ ಫಳಫಳ ಅಂದರೆ ಮಾತೇ ಬೇಡ, ವಾಪಸ್ ಕೊಡಿ. ಹೊಳೆಯದಿದ್ದರೆ ಹಳೆಯದೇ ಅಂತಲೂ ಅಲ್ಲ. ಹೊಳಪು ಹಾಕದ ಕಾಗದ ಇಂದೂ ಸಿಗುತ್ತದೆ.

ಇನ್ನು ಇಡುವ ಮಾತು. ಅಗ್ಗದ ಪಿವಿಸಿ ಕವರು ವರ್ಷ ಕಳೆದಂತೆ ಜಿಗುಟಾಗಿ ಅಚ್ಚನ್ನು ಹಾಳುಮಾಡುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಕೇಳಿ ತನ್ನಿ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ಆ ಪುಡಿಕೆಗಳನ್ನು ಆಗಾಗ ಬದಲಿಸಬೇಕು. ಕಿಟಕಿಯೆದುರಿನ ಗೋಡೆಗೆ ಮಾತ್ರ ತೂಗುಹಾಕಬೇಡಿ.

ಹೊಸಬರಾದರೆ ಅಲಿ, ಟೈಸನ್ ಕಡೆ ಈಗಲೇ ಹೋಗಬೇಡಿ. 1991ರ ಕಾಯೋ ಕಂಪನಿಯ ಬಾಕ್ಸಿಂಗ್ ಸೆಟ್ ಸುಲಭವಾಗಿ, ಕಡಿಮೆ ಬೆಲೆಗೆ ಸಿಗುತ್ತದೆ. ಅದರ ಜೊತೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯೊಂದನ್ನು ಕೊಳ್ಳಿ. ನಿಜವಾದ ಕಾರ್ಡಿನ ಅಂಚು, ಚುಕ್ಕೆ ಕಣ್ಣಿಗೆ ರೂಢಿಯಾದ ಮೇಲೆ ದೊಡ್ಡ ದುಡ್ಡಿನ ಕಾರ್ಡಿಗೆ ಕೈ ಹಾಕಬಹುದು.